ಡ್ರೈವರ್ ಕಾಕಾನ ಭಾನುವಾರ

ಬಸ್ಸು ತುಂಬ ಜನರನ್ನು ಒಳಗೆ ಕೂಡಿಹಾಕಿ, ದೇವರಿಗೆ ಒಂದು ಉಪಕಾರ ಹೇಳಿದ ಮೇಲಷ್ಟೇ ಬಾಗಿಲು ತೆಗೆಯುವ ಡ್ರೈವರನ್ನು ನೀವು ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ. ಅಷ್ಟೇ ಅಲ್ಲ, ಅವರನ್ನು ಆ ಬಸ್ಸಿನಿಂದಲೇ ಕೆಳಗಿಳಿಸಿದ ಕೀರ್ತಿಯೂ ನನ್ನದೇ.

ಹೋದ ತಿಂಗಳು ಅವರು ರಿಟೈರ್ ಆದರು. ಕ್ಯಾಂಟೀನಿನಲ್ಲಿ ಹಾರ ಹಾಕಿ, ಶಾಲು ಹೊದಿಸಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದೆವು. ಎಲ್ಲರೂ ಎರಡೆರಡು ಮಾತಾಡಿದರು. ನಾನೂ ಗಂಟಲು ಸರಿಮಾಡಿಕೊಂಡು ಮೈಕಿನ ಕಡೆ ಹೊರಟಾಗ ವೆಲ್ಡರ್ ಹನುಮಂತಪ್ಪ ಹಿಂದಿನಿಂದ ಅಂಗಿ ಹಿಡಿದು ಕೂರಿಸಿದ.

"ಕುಂದ್ರಲೇ. ನೀ ಅವರ ಬಗ್ಗೆ ಒಮ್ಮೆ ಮಾತಾಡಿದ್ದ ಸಾಕು. ಈ ಸಲ ಪಿಂಚಣಿಗೂ ಕಲ್ಲು ಬೀಳತೈತಿ."

ಬಾಯಿ ಮುಚ್ಚಿಸಿದರು, ಕೈ ಕಟ್ಟಿಲ್ಲವಲ್ಲ. ಅದಕ್ಕೇ ಬರೆಯಲು ಕೂತೆ. ಬರೆಯುತ್ತೇನೆ ಎಂದಾಗ ಕಾಕಾ ಒಂದೇ ಷರತ್ತು ಹಾಕಿದರು. "ನನ್ನ ಹೆಸರು ಹಾಕಿದಿ ಅಂದ್ರ ಕಿವಿ ಕಿತ್ತು ನಿನ್ನ ಕೈಯಾಗ ಕೊಡ್ತೀನಿ." ಅಷ್ಟೊಂದು ದೈವಭಕ್ತರ ಬಾಯಲ್ಲಿ ಇಂಥ ಮಾತೇ ಅಂತ ನಿಮಗೆ ಅನ್ನಿಸಬಹುದು. ಕಿವಿ ಕಿತ್ತ ಮೇಲೆ, ಇನ್ನೊಂದು ಉಳಿದಿದೆಯಲ್ಲ ಅಂತ ಅದಕ್ಕೂ ಅವರು ದೇವರಿಗೆ ಸ್ತೋತ್ರ ಹೇಳುತ್ತಿದ್ದರು, ಅನುಮಾನ ಬೇಡ.

ಅದು ಅದಿರಿನ ಕಾಲ. ಹೊಸಪೇಟೆಯಿಂದ ವಡ್ಡು ಕಡೆ ಹೋಗುವ ರಸ್ತೆಯಲ್ಲಿ ಟಿಪ್ಪರಿನ ಹಿಂದೆ ಟಿಪ್ಪರು, ಅದರ ಹಿಂದೆ ಲಾರಿ, ಲಾರಿಯ ಹಿಂದೆ ಧೂಳು, ಧೂಳಿನ ಒಳಗೆಲ್ಲೋ ನಮ್ಮ ಸ್ಟಾಫ್ ಬಸ್ಸು. ಮನೆಯಿಂದ ಬಿಳಿ ಅಂಗಿ ತೊಟ್ಟು ಹೊರಟವನು ಕೆಲಸಕ್ಕೆ ಮುಟ್ಟುವಷ್ಟರಲ್ಲಿ ಇಟ್ಟಂಗಿ ಬಣ್ಣಕ್ಕೆ ತಿರುಗಿರುತ್ತಿದ್ದ. ನಾನು ಕಂಪ್ಲಿಯ ಅಕ್ಕಿ ಗಿರಣಿಯವರ ಮಗ. ಗಿರಣಿಯಲ್ಲಿ ನಾನು ಒಂದು ಬೇಸಿಗೆ ಮಾಡಿದ ಸಹಾಯವನ್ನು ತಡೆದುಕೊಳ್ಳಲಾಗದೆ ಅಪ್ಪನೇ ಕೈಕಾಲು ಹಿಡಿದು ನನಗೆ ಈ ಅದಿರು ಪುಡಿಮಾಡುವ ಕಾರ್ಖಾನೆಯಲ್ಲಿ ಕೆಲಸ ಕೊಡಿಸಿದ್ದ. ಹೊಸಪೇಟೆಯಲ್ಲಿ ರೂಮು, ಬೆಳಗ್ಗೆ ಬಸ್ಸು, ಸಂಜೆ ಬಸ್ಸು. ಆ ಬಸ್ಸಿನ ಡ್ರೈವರೇ ನಮ್ಮ ಕಾಕಾ.

ಮೊದಲ ದಿನ ನಾನು ಹತ್ತಿದ ಕೂಡಲೇ ನಿದ್ದೆಹೋದೆ. ಎಚ್ಚರವಾದಾಗ ಬಸ್ಸು ಕಾರ್ಖಾನೆ ಗೇಟಿನ ಮುಂದೆ ನಿಂತಿತ್ತು, ಇಂಜಿನ್ ಆಫ್ ಆಗಿತ್ತು, ಆದರೆ ಯಾರೂ ಇಳಿಯುತ್ತಿರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಾಗಿಲಿನ ಹಿಡಿಕೆ ಡ್ರೈವರ್ ಸೀಟಿನ ಪಕ್ಕದಲ್ಲಿತ್ತು. ಕಾಕಾ ಎಳೆದರೇ ಬಾಗಿಲು ತೆರೆಯಬೇಕು. ಅವರು ಹಿಡಿಕೆಯ ಮೇಲೆ ಕೈಯಿಟ್ಟು, ಹಿಂದೆ ತಿರುಗಿ, ಮೀಸೆಯೊಳಗೆ ನಗುತ್ತ ಕೂತಿದ್ದರು.

"ಹೊಸಾ ಹುಡುಗ, ನಿಂದೇನಪಾ ಇವತ್ತು?"

ನಾನು ಕಣ್ಣುಜ್ಜುತ್ತ, "ಸ್ಟಾಪ್ ಬಂತೇನ್ರಿ?" ಅಂದೆ.

"ಬಂತು. ಟೈಮಿಗೆ ಬಂತು, ಎಲ್ಲಾರೂ ಕೈಕಾಲು ನೆಟ್ಟಗ ಇಟ್ಕೊಂಡು ಬಂದ್ರು. ಇದೂ ಉಪಕಾರಾನ. ದೇವರಿಗೆ ಸ್ತೋತ್ರ" ಎಂದು ಹಿಡಿಕೆ ಎಳೆದರು. ಜನ ನನ್ನ ಬೆನ್ನು ತಟ್ಟುತ್ತ ಇಳಿದರು. ಏನೂ ಮಾಡದೆ ಇಷ್ಟು ಹೊಗಳಿಕೆ ಸಿಕ್ಕಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಆಮೇಲೆ ಪದ್ಧತಿ ತಿಳಿಯಿತು. ಬಸ್ಸು ನಿಂತ ಮೇಲೆ ಕಾಕಾ ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು, ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು. ಅದು ಅವರದು. ನಂತರ ನಮ್ಮ ಸರದಿ. ಇಡೀ ಬಸ್ಸಿನ ಪರವಾಗಿ ಯಾರಾದರೂ ಒಬ್ಬರು, ಅವತ್ತು ಬೆಳಗ್ಗೆಯಿಂದ ಆದ ಒಂದು ಒಳ್ಳೆಯದನ್ನು ಹೇಳಬೇಕು. ಯಾವ ದೇವರಿಗೆ ಹೇಳುತ್ತೀರಿ ಅಂತ ಅವರು ಕೇಳುತ್ತಿರಲಿಲ್ಲ. ಆದರೆ ನಿನ್ನೆಯದನ್ನೇ ಇವತ್ತು ಹೇಳುವಂತಿಲ್ಲ. "ನಿನ್ನಿ ಅನ್ನ ದೇವರಿಗೆ ಎಡಿ ಹಿಡೀತೀರೇನು? ಇದೂ ಹಂಗ. ಬಿಸಿದು ಕೊಡ್ರಿ" ಅನ್ನುತ್ತಿದ್ದರು.

ಬೆಳಗ್ಗೆ ಆರು ಗಂಟೆಗೆ ಎದ್ದು, ನಳದಲ್ಲಿ ನೀರು ಬಾರದೆ, ಧೂಳು ಕುಡಿದು ಬಂದವರಿಗೆ ದಿನಾ ಬಿಸಿಬಿಸಿ ಉಪಕಾರ ಎಲ್ಲಿಂದ ಬರಬೇಕು? ಹನುಮಂತಪ್ಪ ಒಂದು ದಿನ ಎದ್ದು ನಿಂತು, "ನನ್ನ ಹೆಂಡ್ತಿ ತವರುಮನಿಗೆ ಹೋಗ್ಯಾಳ್ರಿ, ಸ್ತೋತ್ರ" ಅಂದ. ಬಸ್ಸು ಬಿದ್ದು ಬಿದ್ದು ನಕ್ಕಿತು. ಕಾಕಾ ಗಂಭೀರವಾಗಿಯೇ ಬಾಗಿಲು ತೆಗೆದರು. ಒಂದು ವಾರದ ನಂತರ ಅದೇ ಹನುಮಂತಪ್ಪ ಬಾಡಿದ ಮುಖದಲ್ಲಿ ಎದ್ದ. "ಹೆಂಡ್ತಿ ವಾಪಸ್ ಬಂದಾಳ್ರಿ. ಇವತ್ತು ಹೊಟ್ಟಿ ತುಂಬ ಉಂಡು ಬಂದೀನ್ರಿ. ಸ್ತೋತ್ರ." ಕಾಕಾ, "ಮೊದಲಿಂದಕ್ಕಿಂತ ಇದು ಚೊಲೋ ಐತಿ" ಅಂದರು.

ಒಮ್ಮೆ ನಾನೇ ಕೇಳಿದ್ದೆ, ಇಷ್ಟು ಸಣ್ಣಸಣ್ಣದ್ದಕ್ಕೆಲ್ಲ ದೇವರನ್ನು ಕರೆದು ತೊಂದರೆ ಕೊಡುವುದು ಯಾಕೆ ಅಂತ.

"ದೊಡ್ಡ ಉಪಕಾರ ಎಲ್ಲಾರೂ ಹೇಳ್ತಾರ ತಮ್ಮಾ. ಜ್ವರ ಬಿಟ್ಟಾಗ ಹೇಳ್ತಾರ, ನೌಕರಿ ಸಿಕ್ಕಾಗ ಹೇಳ್ತಾರ. ಸಣ್ಣವು ಪರದೇಶಿ ಆಗ್ಯಾವ. ಅವನ್ನ ಯಾರರ ನೋಡ್ಕೋಬೇಕಲ್ಲ."

ಅವರು ನಿಜವಾಗಿಯೂ ನೋಡಿಕೊಳ್ಳುತ್ತಿದ್ದರು. ರೈಲ್ವೆ ಗೇಟು ಬಿದ್ದರೆ ನಾವು ಹಣೆ ಚಚ್ಚಿಕೊಳ್ಳುತ್ತಿದ್ದೆವು, ಕಾಕಾ, "ಸ್ತೋತ್ರ. ಸೊಂಟಕ್ಕ ಆರಾಮಾತು" ಎಂದು ಇಳಿದು ಮೈ ಮುರಿಯುತ್ತಿದ್ದರು. ಬಸ್ಸಿನ ರಿಪೇರಿ ನೋಡಿಕೊಳ್ಳುವ ಕಂಟ್ರಾಕ್ಟರು ಅದರ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದ್ದ. ನೀವು ಕ್ರಿಸ್ತನವರು, ಇದನ್ನು ಬಿಚ್ಚಿ ಹಾಕಬಾರದೇ ಅಂತ ಯಾರೋ ಕೆಣಕಿದಾಗ, "ಬಸ್ಸಿಗೆ ಚೊಲೋ ಆಗಲಿ ಅಂತ ಕಟ್ಯಾನ. ಚೊಲೋ ಆಗಲಿ ಅನ್ನೋದನ್ನ ನಾ ಯಾಕ ಬಿಚ್ಚಲಿ?" ಅಂದರು. ಕ್ರಿಸ್‌ಮಸ್ಸಿಗೆ ಇಡೀ ಬಸ್ಸಿಗೆ ಅವರ ಮನೆಯ ಕರ್ಚಿಕಾಯಿ. ಅವರ ಹೆಂಡತಿ ಮಾಡಿದ ಕರ್ಚಿಕಾಯಿ ಎಷ್ಟು ಗಟ್ಟಿಯಿರುತ್ತಿತ್ತೆಂದರೆ ನಮ್ಮ ಕ್ರಷರಿಗೆ ಹಾಕಿದರೂ ಒಂದು ಸಲ ಯೋಚನೆ ಮಾಡುತ್ತಿತ್ತು. ಕಾಕಾ ಮಾತ್ರ ಕಟುಂ ಎಂದು ಕಡಿದು, "ಹಲ್ಲು ಗಟ್ಟಿ ಅದಾವ, ಸ್ತೋತ್ರ" ಅನ್ನುತ್ತಿದ್ದರು.

ನಮ್ಮನ್ನು ಚರ್ಚಿಗೆ ಬನ್ನಿ ಅಂತ ಒಮ್ಮೆಯೂ ಕರೆಯಲಿಲ್ಲ. ಒಂದು ದಿನ ನಾನೇ ಹಲ್ಲುಕಿಸಿದು, "ಕಾಕಾ, ನಾನೂ ನಿಮ್ಮ ಚರ್ಚಿಗೆ ಬರ್ಲೇನು?" ಅಂದೆ.

"ನಿಮ್ಮವ್ವ ಸೋಮವಾರ ಸೋಮವಾರ ಈಶ್ವರನ ಗುಡಿಗೆ ಹೋಗು ಅಂತಾಳಲ್ಲ, ಹೋಗ್ತಿಯೇನು?"

"ಇಲ್ರಿ."

"ಮೊದಲು ಅಲ್ಲಿಗೆ ಹೋಗು. ಸೋಮಾರಿಗಳು ನಮ್ಮಲ್ಲೂ ಭಾಳ ಮಂದಿ ಅದಾರ, ಜಾಗ ಇಲ್ಲ."

ಹೀಗೇ ನಡೆಯುತ್ತಿದ್ದಾಗ ಕಾರ್ಖಾನೆಗೆ ಹೊಸ ಸಾಹೇಬರು ಬಂದರು. ಗಾಡಿಗಳು, ಡ್ರೈವರುಗಳು, ಸುರಕ್ಷತೆ ಎಲ್ಲ ಅವರ ಕೈಕೆಳಗೆ. ದಕ್ಷಿಣದ ಕಡೆಯವರು, ಮಾತು ಪಠ್ಯಪುಸ್ತಕದ್ದು, ಇಸ್ತ್ರಿ ಅಂಗಿಯ ಮಡಿಕೆ ಚಾಕುವಿನಂಥದ್ದು. ಒಂದು ಬೆಳಗ್ಗೆ ಅವರ ಜೀಪು ಹಾದಿಯಲ್ಲಿ ಕೆಟ್ಟು ನಿಂತು, ಅವರು ನಮ್ಮ ಬಸ್ಸು ಹತ್ತಿದರು. ಕಿಟಕಿಯ ಗಾಜು ಒಡೆದಿದ್ದ ಸೀಟೇ ಖಾಲಿ ಇತ್ತು. ಗೇಟು ಮುಟ್ಟುವಷ್ಟರಲ್ಲಿ ಸಾಹೇಬರೂ ನಮ್ಮ ಬಣ್ಣಕ್ಕೆ ಬಂದಿದ್ದರು.

ಬಸ್ಸು ನಿಂತಿತು. ಕಾಕಾ ಕಣ್ಣು ಮುಚ್ಚಿ ತೆರೆದರು. ಸಾಹೇಬರ ಎದುರು ಬಾಯಿಬಿಡಲು ಯಾರಿಗೂ ಧೈರ್ಯವಿಲ್ಲ. ನಾನೂ ಅವತ್ತೊಂದು ದಿನ ಸುಮ್ಮನಿದ್ದೆ ಅಂದರೆ ಪರಿಸ್ಥಿತಿ ಅರ್ಥಮಾಡಿಕೊಳ್ಳಿ. ಕಾಕಾ ಹಿಂದೆ ತಿರುಗಿ ಸಾಹೇಬರಿಗೇ ಕೈಮುಗಿದರು.

"ಸಾಹೇಬ್ರ, ಇವತ್ತು ನೀವ ಹೊಸಬರು. ಮುಂಜಾನಿಂದ ಆಗಿದ್ದು ಒಂದು ಚೊಲೋದು ಹೇಳ್ರಿ, ಬಾಗಲಾ ತೆಗೀತೀನಿ."

"ಏನೂ ಒಳ್ಳೆಯದಾಗಿಲ್ಲ. ಜೀಪ್ ಕೆಟ್ಟಿದೆ. ತಿಂಡಿ ಆಗಿಲ್ಲ. ಬಾಗಿಲು ತೆಗೆಯಿರಿ."

"ಜೀಪ್ ಕೆಟ್ಟಿದ್ದಕ್ಕ ನಮ್ಮ ಜೋಡಿ ಬಂದ್ರಿ. ಅದನ್ನ ಇಟ್ಕೊಳ್ಳೋಣು. ಸ್ತೋತ್ರ" ಎಂದು ಕಾಕಾ ಬಾಗಿಲು ತೆಗೆದರು.

ಇದಕ್ಕೇ ಏನೂ ಆಗುತ್ತಿರಲಿಲ್ಲವೇನೋ. ಆದರೆ ಹಿಂದಿನ ಸೀಟಿನವರೆಲ್ಲ ಗೊಳ್ಳೆಂದು ನಕ್ಕುಬಿಟ್ಟರು. ಸಾಹೇಬರು ಇಳಿಯುವಾಗ ಅವರ ಕಿವಿ ಕೆಂಪಗಿದ್ದವು, ಧೂಳಿನಿಂದಲ್ಲ.

ಮಧ್ಯಾಹ್ನ ಕಾಕಾನಿಗೆ ಆಫೀಸಿನಿಂದ ಕರೆ ಬಂತು. ಬಸ್ಸಿನವರೆಲ್ಲ ಕ್ಯಾಂಟೀನಿನಲ್ಲಿ ಸಭೆ ಸೇರಿ, ಯಾರಾದರೂ ಹೋಗಿ ಕಾಕಾನ ಪರ ಒಂದು ಮಾತು ಹೇಳಬೇಕು ಅಂತ ತೀರ್ಮಾನಿಸಿದರು. ಮಾತು ಎಂದ ಕೂಡಲೇ ಎಲ್ಲರೂ ನನ್ನತ್ತ ನೋಡಿದರು. ಆಯ್ಕೆಯಲ್ಲಿ ಅವರೇ ತಪ್ಪಿದ್ದು ಅಂತ ಈಗಲೂ ನನ್ನ ವಾದ.

ನಾನು ಅಂಗಿ ಒಳಗೆ ಸೇರಿಸಿ, ಕೂದಲಿಗೆ ನೀರು ಹಚ್ಚಿ ಒಳಗೆ ಹೋದೆ. ಕಾಕಾ ಗೋಡೆಗೆ ಒರಗದೆ ನಿಂತಿದ್ದರು. ನಾನು ಶುರುಮಾಡಿದೆ. ಕಾಕಾ ಎಂಥ ಒಳ್ಳೆಯವರು, ಕುಡಿಯುವುದಿಲ್ಲ, ಬೀಡಿ ಸೇದುವುದಿಲ್ಲ, ಯಾರಿಗೂ ಬೈದವರಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಇವತ್ತು ನಾನು ಆ ಕಾರ್ಖಾನೆಯ ಯೂನಿಯನ್ ಲೀಡರ್ ಆಗಿರುತ್ತಿದ್ದೆ. ಸಾಹೇಬರು ತಲೆ ಆಡಿಸುವುದನ್ನು ಕಂಡು ಹುರುಪು ಬಂತು.

"ಅವರ ಭಕ್ತಿ ಏನು ಕೇಳ್ತೀರಿ ಸರ್! ಸ್ಟೇರಿಂಗ್ ಹಿಡಿದು ಕಣ್ಣು ಮುಚ್ಚಿದ್ರಂದ್ರ ಲೋಕಾನ ಮರೀತಾರ್ರಿ. ನಮಗಂತೂ ಬಸ್ಸನ್ನ ದೇವರ ಓಡಸ್ತಾನೇನೋ ಅನ್ನಸ್ತೈತ್ರಿ!"

ಸಾಹೇಬರು ಪೆನ್ನು ಕೆಳಗಿಟ್ಟರು.

"ದೇವರಿಗೆ ಲೈಸೆನ್ಸ್ ಇದೆಯೇ?"

ಕಾಕಾ ನನ್ನ ಕಡೆ ತಿರುಗಿ ನೋಡಿದ ನೋಟ ಇನ್ನೂ ಕಣ್ಣಮುಂದಿದೆ. ಬಾವಿಗೆ ಬಿದ್ದವನಿಗೆ ಹಗ್ಗದ ಬದಲು ಕೊಡ ಎಸೆದವನನ್ನು ನೋಡುವ ಹಾಗೆ. ಹೊರಗೆ ಬಂದ ಮೇಲೆ ಮೆಲ್ಲಗೆ ಕೇಳಿದರು.

"ಬಸ್ಸು ನಿಂತ ಮ್ಯಾಲೆ ಕಣ್ಣು ಮುಚ್ಚತೀನಿ ಅಂತ ಹೇಳಬಾರದೇನಲೇ?"

"ಹೇಳೋಣು ಅಂತಿದ್ನಿ ಕಾಕಾ. ಅಷ್ಟೊತ್ತಿಗೆ ಜೋಶ್ ಬಂದ್ಬಿಡ್ತು."

ಮರುದಿನದಿಂದ ಕಾಕಾನನ್ನು ನೀರಿನ ಟ್ಯಾಂಕರಿಗೆ ಹಾಕಿದರು. ಧೂಳು ಏಳದಂತೆ ಕಾರ್ಖಾನೆಯ ಕಚ್ಚಾ ರಸ್ತೆಗಳಿಗೆ ನೀರು ಚಿಮುಕಿಸುತ್ತ ಸುತ್ತುವ ಟ್ಯಾಂಕರು. ಅಲ್ಲಿ ಕಣ್ಣು ಮುಚ್ಚಿದರೂ ಗುದ್ದುವುದು ಅದಿರಿನ ಗುಡ್ಡೆಗೇ ಅಂತ ಸಾಹೇಬರ ಲೆಕ್ಕ. ಅದನ್ನು ಓಡಿಸುತ್ತಿದ್ದ, ಕರಡಿಧಾಮವಿರುವ ದರೋಜಿಯ ಖಾದರ್ ನಮ್ಮ ಬಸ್ಸಿಗೆ ಬಂದ.

ಕಾಕಾ ಎರಡೇ ದಿನದಲ್ಲಿ ಟ್ಯಾಂಕರಿಗೂ ಒಗ್ಗಿಕೊಂಡರು. "ನೀರು ಬಿದ್ದ ಕೂಡ್ಲೇ ಮಣ್ಣಿನ ವಾಸನಿ ಬರತೈತಿ ನೋಡಲೇ. ಬಸ್ಸಿನಾಗ ಬರೀ ನಿಮ್ಮ ಬೆವರಿನ ವಾಸನಿ" ಎಂದು ನನ್ನನ್ನೇ ಸಮಾಧಾನ ಮಾಡಿದರು. ಆದರೆ ಒಂದು ವಿಷಯ ನನಗೆ ಆಮೇಲೆ ತಿಳಿಯಿತು. ಸ್ಟಾಫ್ ಬಸ್ಸಿಗೆ ಭಾನುವಾರ ರಜೆ. ಧೂಳಿಗೆ ರಜೆಯಿಲ್ಲ. ಟಿಪ್ಪರುಗಳು ಭಾನುವಾರವೂ ಓಡುತ್ತಿದ್ದವು, ಹಾಗಾಗಿ ಟ್ಯಾಂಕರೂ ಓಡಬೇಕು. ವಾರದ ರಜೆ ಬುಧವಾರ. ಬುದ್ಧಿ ಬಂದಾಗಿನಿಂದ ಭಾನುವಾರದ ಆರಾಧನೆ ತಪ್ಪಿಸದ ಮನುಷ್ಯ, ನನ್ನ ಒಂದು ಜೋಶಿನಿಂದಾಗಿ ವಾರದ ಮೇಲೆ ವಾರ ಚರ್ಚಿನ ಮೆಟ್ಟಿಲು ಹತ್ತಲಿಲ್ಲ.

ಒಂದು ಭಾನುವಾರ ನನಗೂ ಡ್ಯೂಟಿ ಇತ್ತು. ಆರಾಧನೆಯ ಹೊತ್ತಿಗೆ ಅವರು ಬೇವಿನ ಮರದ ಕೆಳಗೆ ಟ್ಯಾಂಕರಿಗೆ ನೀರು ತುಂಬಿಸುತ್ತ ಒಬ್ಬರೇ ಹಾಡುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಹಾಡು ನಿಲ್ಲಿಸಿದರು.

"ಒಬ್ಬನ ಹಾಡಬಹುದು ತಮ್ಮಾ. ಆದ್ರ ಒಬ್ಬನ ಹಾಡಿದಾಗ ನನ್ನ ದನಿ ಎಷ್ಟು ಕೆಟ್ಟೈತಿ ಅಂತ ಗೊತ್ತಾಗತೈತಿ. ಅಲ್ಲಿ ಮಂದ್ಯಾಗ ಮುಚ್ಚಿ ಹೋಗ್ತಿತ್ತು."

ನಾನು ನಕ್ಕೆ. ಅವರು ನಗಲಿಲ್ಲ. ಪೈಪನ್ನು ನೋಡುತ್ತ ಹೇಳಿದರು. "ಹಾಡು ಬಿಡು. ತಿಂಗಳಿಗೊಮ್ಮೆ ಕರ್ತನ ಭೋಜನ ಇರತೈತಿ. ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಿ ರಸ. ಎಲ್ಲಾರೂ ಕೂಡಿ ತಗೋಬೇಕು. ಅದನ್ನ ಬುಧವಾರ ಮನ್ಯಾಗ ಕುಂತು ಒಬ್ಬನ ತಿನ್ನಾಕ ಬರಂಗಿಲ್ಲ. ಎರಡು ತಪ್ಪಿದ್ವು. ಬರೋ ಭಾನುವಾರ ಮತ್ತ ಐತಿ."

ಅವತ್ತು ಅವರು ಯಾವುದಕ್ಕೂ ಸ್ತೋತ್ರ ಹೇಳಲಿಲ್ಲ.

ಆ ವಾರ ನಾನು ಮಹಾ ಪ್ರಾಯಶ್ಚಿತ್ತಕ್ಕೆ ಇಳಿದೆ. ಭಾನುವಾರ ಟ್ಯಾಂಕರನ್ನು ನಾನೇ ಓಡಿಸಿ ಕಾಕಾನನ್ನು ಚರ್ಚಿಗೆ ಕಳಿಸುವುದು ಅಂತ. ಅಪ್ಪನ ಟ್ರ್ಯಾಕ್ಟರ್ ಓಡಿಸಿದ ಅನುಭವವಿತ್ತು. ಆ ಟ್ರ್ಯಾಕ್ಟರ್ ಎಲ್ಲಿ ನಿಂತಿತು ಎಂಬುದನ್ನು ಇಲ್ಲಿ ಹೇಳಬೇಕಾಗಿಲ್ಲ. ಊಟದ ಹೊತ್ತಿನಲ್ಲಿ ಹತ್ತಿರ ಯಾರೂ ಇಲ್ಲದಾಗ ಟ್ಯಾಂಕರ್ ಹತ್ತಿ ಸ್ಟಾರ್ಟ್ ಮಾಡಿದೆ. ಮುಂದೆ ಹೋಗಬೇಕಾದ್ದು ಹಿಂದೆ ಹೋಯಿತು. ಬ್ರೇಕು ಅಂತ ಗಡಿಬಿಡಿಯಲ್ಲಿ ಎಳೆದದ್ದು ನೀರಿನ ವಾಲ್ವ್. ಕ್ಯಾಂಟೀನಿನ ಮುಂದೆ ತಟ್ಟೆ ಹಿಡಿದು ನಿಂತ ಇಡೀ ಕ್ಯೂ ತೊಯ್ದು ತೊಪ್ಪೆಯಾಯಿತು. ಹನುಮಂತಪ್ಪ ಸಾರಿನ ತಟ್ಟೆಯಲ್ಲಿ ತೇಲುತ್ತಿದ್ದ ಅನ್ನವನ್ನು ನೋಡುತ್ತ ನಿಂತುಬಿಟ್ಟ.

ಖಾದರ್ ಓಡಿಬಂದು ನನ್ನನ್ನು ಕುತ್ತಿಗೆ ಹಿಡಿದು ಇಳಿಸಿದ. "ಅರೇ ಪಾಗಲ್, ನಮ್ಮ ದರೋಜಿ ಕರಡಿ ಇದಕ್ಕಿಂತ ಚೊಲೋ ಓಡಸ್ತೈತಿ. ಏನ್ ಬಂದೈತಿ ನಿನಗ?"

ಕಾಕಾನ ಭಾನುವಾರದ ಕಥೆ ಹೇಳಿದೆ. ಖಾದರ್ ಮುಖ ಒರೆಸಿಕೊಂಡು, ನನ್ನ ಅಂಗಿ ಹಿಡಿದುಕೊಂಡೇ ಸೀದಾ ಕಾಕಾನ ಹತ್ತಿರ ನಡೆದ. ಕಾಕಾ ಊಟಕ್ಕೆ ಬಂದು, ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು.

"ಭಾಯ್, ಇತ್ವಾರ ನನಗ ಬಸ್ ಇಲ್ಲ. ನಾ ಬಂದು ಟ್ಯಾಂಕರ್ ಓಡಸ್ತೀನಿ. ನೀವು ಚರ್ಚಿಗೆ ಹೋಗ್ರಿ."

ಕಾಕಾ ಗಾಬರಿಯಾದರು. "ಬ್ಯಾಡಪಾ. ವಾರಕ್ಕ ಒಂದ ರಜಾ ನಿನಗ. ಮಕ್ಕಳು ಮರಿ ಅದಾವ."

"ಕೇಳ್ರಿ. ನಾ ಭಾಳ ವರ್ಷ ಈ ಟ್ಯಾಂಕರ್ ಸೀಟಿನಾಗ ಕುಂತೀನಿ. ಶುಕ್ರವಾರ ಮಧ್ಯಾಹ್ನ ಎಲ್ಲಾರೂ ನಮಾಜಿಗೆ ಹೊಂಟ್ರ ನಾ ಇಲ್ಲಿ ನೀರು ಹೊಡೀತಿದ್ನಿ. ಈಗ ಬಸ್ಸು ಮಧ್ಯಾಹ್ನ ಖಾಲಿ ನಿಂದ್ರತೈತಿ, ಜುಮ್ಮಾ ಸಿಗಾಕತ್ತೈತಿ. ಈ ಪಾಗಲ್ ಬಾಯಿ ಬಿಟ್ಟಿದ್ದಕ್ಕ ನನ್ನ ಶುಕ್ರವಾರ ನನಗ ಬಂತು, ನಿಮ್ಮ ಇತ್ವಾರ ಹೋತು. ನಿಮ್ಮದನ್ನ ಇಟ್ಕೊಂಡು ನಾ ಹೆಂಗ ನಮಾಜ್ ಮಾಡ್ಲಿ?"

ಗೇಟು ಬಿದ್ದರೆ ಸ್ತೋತ್ರ, ಬ್ರೇಕು ಹತ್ತಿದರೆ ಸ್ತೋತ್ರ ಅನ್ನುತ್ತಿದ್ದ ಕಾಕಾನಿಗೆ ಎದುರು ನಿಂತ ಒಬ್ಬ ಮನುಷ್ಯನಿಗೆ ಹೇಳಲು ಮಾತೇ ಸಿಗಲಿಲ್ಲ. ಎದ್ದು ಹೋಗಿ, ಸ್ವಚ್ಛವಾಗಿಯೇ ಇದ್ದ ಟ್ಯಾಂಕರಿನ ಕನ್ನಡಿಯನ್ನು ಟವಲಿನಿಂದ ಒರೆಸತೊಡಗಿದರು. ಒರೆಸಿದ್ದೇ ಒರೆಸಿದ್ದು. ಸೂಪರ್‌ವೈಸರ್ ಹತ್ತಿರ ಖಾದರನೇ ಹೋಗಿ ಕೇಳಿದ. ಧೂಳು ಕೂತರೆ ಸಾಕು, ಸೀಟಿನಲ್ಲಿ ಯಾರು ಕೂತರೆ ನನಗೇನು ಅಂದರಂತೆ ಅವರು.

ಭಾನುವಾರ ನಾನೂ ಚರ್ಚಿಗೆ ಹೋದೆ. ಇಷ್ಟು ರಾಮಾಯಣ ಮಾಡಿದ ಮೇಲೆ ಕಾಕಾ ನಿಜಕ್ಕೂ ಒಳಗೆ ಕೂತಿದ್ದನ್ನು ಕಣ್ಣಾರೆ ನೋಡಬೇಕಿತ್ತು. ಕಾಕಾ ಬಿಳಿ ಅಂಗಿಯಲ್ಲಿ, ಎಣ್ಣೆ ಹಚ್ಚಿ ಬಾಚಿದ ತಲೆಯಲ್ಲಿ, ಮದುವೆ ಗಂಡಿನ ಹಾಗಿದ್ದರು. ನಾನು ಎಲ್ಲರೂ ನಿಂತಾಗ ಕೂತೆ, ಕೂತಾಗ ನಿಂತೆ. ಹಾಡು ಶುರುವಾದಾಗ ಕಾಕಾನ ದನಿ ಹುಡುಕಿದೆ. ಅವರು ಹೇಳಿದ್ದು ನಿಜ, ಮಂದಿಯ ದನಿಯೊಳಗೆ ಚೆನ್ನಾಗಿ ಮುಚ್ಚಿಹೋಗಿತ್ತು. ಕೊನೆಗೆ ಜನ ಸಾಲಾಗಿ ಮುಂದೆ ಹೋಗತೊಡಗಿದಾಗ, ತೀರ್ಥಪ್ರಸಾದ ಇರಬೇಕೆಂದು ನಾನೂ ಬೊಗಸೆ ಹಿಡಿದು ಸಾಲಿನಲ್ಲಿ ನಿಂತೆ. ಬಿಳಿ ಸೀರೆಯ ಅಜ್ಜಿಯೊಬ್ಬರು ಕೈಹಿಡಿದು ಎಳೆದು ಕೂರಿಸಿ, "ಇದು ನಮ್ಮ ಚರ್ಚಿನ ಸಭೆಯವರಿಗಪಾ. ಹಸಿವಾಗೈತೇನು? ಆಮ್ಯಾಲೆ ಚಾ ಕೊಡ್ತಾರ" ಅಂದರು.

ಕಾಕಾ ಮುಂದೆ ಮೊಣಕಾಲೂರಿ ಆ ಚೂರು ರೊಟ್ಟಿ ಬಾಯಿಗಿಟ್ಟುಕೊಂಡರು. ಏಳಲು ಸ್ವಲ್ಪ ಹೊತ್ತು ಹಿಡಿಯಿತು. ಮೊಣಕಾಲಿನ ನೋವು ಅಂತ ನಾನು ಅಂದುಕೊಂಡೆ. ವಾಪಸ್ ಬರುವಾಗ ಮುಖ ನೋಡಿದೆ, ಮೊಣಕಾಲಿನದಲ್ಲ.

ಚಹಾಕ್ಕೂ ಅವರು ನಿಲ್ಲಲಿಲ್ಲ. ಮನೆಗೆ ಹೋಗಿ ಬುತ್ತಿ ಕಟ್ಟಿಸಿಕೊಂಡು, ನಾನು ಕೇಳಿ ತಂದಿದ್ದ ಬೈಕಿನ ಹಿಂದೆ ಕೂತು, "ನಡಿ, ಖಾದರ್ ಉಂಡಿರಂಗಿಲ್ಲ" ಅಂದರು. ಕಾರ್ಖಾನೆ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಖಾದರ್ ಟ್ಯಾಂಕರನ್ನು ನೆರಳಿಗೆ ನಿಲ್ಲಿಸಿ ಇಳಿದು ಬಂದ.

"ಹೆಂಗಿತ್ತು ಭಾಯ್, ಚರ್ಚು?"

"ಚೊಲೋ ಇತ್ತು. ಪಾಸ್ಟರು ಭಾಳ ಉದ್ದ ಮಾತಾಡಿದ್ರು, ನಡುವ ನಿದ್ದಿ ಬಂತು."

"ಯಾ ಅಲ್ಲಾ! ನೀವು ನಿದ್ದಿ ಮಾಡಾಕ ನಾ ಇಲ್ಲಿ ಬಿಸಲಾಗ ಸುಡಬೇಕೇನು?"

ಮೂವರೂ ಕಲ್ಲಿನ ಮೇಲೆ ಕೂತೆವು. ಬುತ್ತಿ ಬಿಚ್ಚಿದರು: ರೊಟ್ಟಿ, ಬದನೆಕಾಯಿ ಪಲ್ಯ, ಕೋಳಿ ಸಾರು. ಕಾಕಾ ಕಣ್ಣು ಮುಚ್ಚಿ ಪ್ರಾರ್ಥನೆಗೆ ಇಳಿದರು. ದಿನದಂತೆ ಚಿಕ್ಕದಿರುತ್ತದೆ ಅಂದುಕೊಂಡೆ. ಮುಗಿಯಲಿಲ್ಲ. ಖಾದರ್ ಸಾರಿನ ಡಬ್ಬಿಯ ಮೇಲೆ ಕೈ ಮುಚ್ಚಿ ಕಾದ. ನಾನು ರೊಟ್ಟಿಯನ್ನು ನೋಡುತ್ತ ಕಾದೆ. ಅಷ್ಟರಲ್ಲಿ ರಸ್ತೆ ಒಣಗಿ, ಎರಡು ಟಿಪ್ಪರು ಹಾದು, ಧೂಳು ಎದ್ದಿತು. ಖಾದರ್ ನನಗೆ ಡಬ್ಬಿ ಕೊಟ್ಟು ಮೆಲ್ಲಗೆ ಎದ್ದು ಹೋಗಿ ಟ್ಯಾಂಕರ್ ಸ್ಟಾರ್ಟ್ ಮಾಡಿದ.

ಟ್ಯಾಂಕರು ದೂರ ಹೋದ ಮೇಲೆ ಕಾಕಾನ ತುಟಿಯೊಳಗಿನ ಮಾತು ಹೊರಗೆ ಬಂತು. ಕಣ್ಣು ಮುಚ್ಚಿಯೇ ಇತ್ತು. ಖಾದರ್ ಬಿಟ್ಟುಕೊಟ್ಟ ರಜೆಯ ಹೆಸರು ಹೇಳಿ ಸ್ತೋತ್ರ ಅಂದರು. ಬೆಳಗ್ಗೆ ಅವನನ್ನು ಏಳಿಸಿ ಕಳಿಸಿದ ಹೆಂಡತಿಗೆ, ಅಪ್ಪ ಇಲ್ಲದೆ ಭಾನುವಾರ ಕಳೆದ ಮಕ್ಕಳಿಗೆ, ಅವನ ಕಣ್ಣಿಗೆ, ಕೈಗೆ, ಬಿಸಿಲು ತಡೆದ ನೆತ್ತಿಗೆ, ಒಂದೊಂದನ್ನೂ ಬಿಡದೆ, ಎದುರಿಗೆ ನಿಂತಾಗ ಒಂದೂ ಹೇಳಲಾಗದ್ದನ್ನೆಲ್ಲ ಸಾಲಾಗಿ ಹೇಳುತ್ತ ಹೋದರು.

ಖಾದರ್ ಒಂದು ಸುತ್ತು ಮುಗಿಸಿ, ರಸ್ತೆ ತೋಯಿಸಿ ವಾಪಸ್ ಬಂದು ಪಕ್ಕದಲ್ಲಿ ಕೂತ.

"ಇನ್ನೂ ಮುಗಿದಿಲ್ಲೇನು?" ಎಂದು ನನ್ನ ಕಿವಿಯಲ್ಲಿ ಕೇಳಿದ.

"ಶ್! ಹೇಳ್ತಾ ಹೇಳ್ತಾ ನಿಮ್ಮ ಮನಿ ಎಮ್ಮಿತನಕ ಬಂದಾರ."

ಖಾದರ್ ಒಂದು ಕ್ಷಣ ಕಾಕಾನ ಮುಖ ನೋಡಿದ. ಆಮೇಲೆ ತಾನೂ ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ ಹಿಡಿದು, ಅವರ ಕಡೆ ಬಾಗಿ ಪಿಸುಗುಟ್ಟಿದ.

"ಗಬ್ಬ ಐತ್ರಿ ಅದು. ಅದನ್ನೂ ಹೇಳ್ರಿ."